ಹೂವಿನ ಬೆನ್ನು

ಆಗುವುದೇ ಇಲ್ಲ ಎಂದವರು ಇಬ್ಬರು. ಒಬ್ಬರು ನಮ್ಮ ದೊಡ್ಡಪ್ಪ. ಇನ್ನೊಬ್ಬರು ಸಿಂದಗಿಯ ಚಿತ್ರಕಲಾ ಕಾಲೇಜಿನಲ್ಲಿ ನನಗೆ ಬಣ್ಣ ಕಲಿಸಿದ ಸರ್. ನಮ್ಮ ಮನೆಯಿಂದ ಒಬ್ಬರು ಡಿಗ್ರಿ ಮುಗಿಸುವುದು ಆಗದ ಮಾತು ಎಂದರು ದೊಡ್ಡಪ್ಪ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಆ ಡಿಗ್ರಿ ಪಡೆಯುವುದು ಆಗದ ಮಾತು ಎಂದರು ಸರ್. ಇಬ್ಬರಿಗೂ ನನ್ನ ಮೇಲೆ ಸಿಟ್ಟಿರಲಿಲ್ಲ. ಅವರು ಕಂಡ ಜಗತ್ತಿನಲ್ಲಿ ಅಂಥದ್ದು ನಡೆದಿರಲಿಲ್ಲ, ಅಷ್ಟೇ.

ಬಸವನ ಬಾಗೇವಾಡಿಯಲ್ಲಿ ನಮ್ಮದು ಹೂ ಕಟ್ಟುವ ಮನೆ. ಮಸೂತಿ ಕಡೆಯ ತೋಟಗಳಿಂದ ಹೂವು ಬರುತ್ತಿತ್ತು. ಅಪ್ಪ ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಹೂವು, ಬಿಲ್ವಪತ್ರಿ ಕೊಟ್ಟು ಬರುತ್ತಿದ್ದ. ಲಗ್ನದ ದಂಡೆ, ಬಾಸಿಂಗದ ವ್ಯವಹಾರ ದೊಡ್ಡಪ್ಪನವರದು. ಮನೆಯಲ್ಲಿ ಕೊನೆಯ ಮಾತೂ ಅವರದೇ. ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಇಂಡಿ ಕಡೆ ಸಾಲೋಟಗಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಮನೆಯಲ್ಲಿ ಎಲ್ಲರೂ ಹೂ ಕಟ್ಟುತ್ತಿದ್ದರು. ಆದರೆ ದೊಡ್ಡ ಕೆಲಸ ಬಂದರೆ ಎಲ್ಲರ ಕಣ್ಣೂ ಅತ್ತೆಯ ಕಡೆ ಹೋಗುತ್ತಿತ್ತು.

ದೊಡ್ಡ ಕೆಲಸ ಅಂದರೆ ಹೂವಿನ ಪೂಜೆ. ಶ್ರಾವಣದ ಸೋಮವಾರಗಳಲ್ಲಿ ನಮ್ಮ ಕಡೆ ಶರಣರ ಗದ್ದುಗೆಗಳಿಗೆ ಪೂಜೆ ಕಟ್ಟಿಸುತ್ತಾರೆ. ಕೆಲವರು ವೀಳ್ಯದೆಲೆಯಿಂದ ಎಲೆ ಪೂಜೆ ಕಟ್ಟಿಸುತ್ತಾರೆ, ಕೆಲವರು ಮೊಸರನ್ನದಿಂದ ಬುತ್ತಿ ಪೂಜೆ. ಹೂವಿನ ಪೂಜೆ ಇದ್ದರೆ ನಮ್ಮ ಮನೆಗೆ ಹೇಳಿಕಳಿಸುತ್ತಿದ್ದರು. ಆಳೆತ್ತರದ ಬಿದಿರಿನ ಚೌಕಟ್ಟು, ಅದಕ್ಕೆ ಬಾಳೆದಿಂಡಿನ ಪಟ್ಟಿ, ಪಟ್ಟಿಯ ಮೇಲೆ ಪತ್ರಿಯ ಹಾಸು, ಅದರ ಮೇಲೆ ಸೇವಂತಿಗೆ, ಚೆಂಡುಹೂ, ಕಣಗಿಲ, ಅಬ್ಬಲಿಗೆ. ಅಂಚಿಗೆ ದವನ, ಮರುಗ. ಅತ್ತೆ ಕೂರುತ್ತಿದ್ದದ್ದು ಚೌಕಟ್ಟಿನ ಹಿಂದೆ. ಹೂವಿನ ಮುಖ ಆಚೆ, ಗಂಟು ಈಚೆ. ಒಂದು ಕೈ ಮುಂದೆ ಚಾಚಿ ಹೂ ಇಡುತ್ತಿದ್ದಳು, ಇನ್ನೊಂದು ಕೈ ಹಿಂದಿನಿಂದ ನಾರು ಎಳೆದು ಬಿಗಿಯುತ್ತಿತ್ತು. ಮುಂದೆ ಏನಾಗುತ್ತಿದೆ ಎಂದು ಅವಳು ಎದ್ದು ನೋಡಿದ್ದು ನಾನು ಕಾಣೆ. ನಾನು ಅವಳ ಪಕ್ಕದಲ್ಲಿ ಕೂತು ಹೂ ಎತ್ತಿಕೊಡುತ್ತ ಬೆಳೆದವಳು. ಹಾಗಾಗಿ ಹೂವಿನ ಪೂಜೆ ಅಂದರೆ ನನಗೆ ಮೊದಲು ಕಣ್ಣಿಗೆ ಬರುವುದು ಅದರ ಬೆನ್ನು. ತೊಟ್ಟುಗಳ ಗುಂಪು, ಒದ್ದೆ ನಾರು, ಪತ್ರಿಯ ತಿಳಿ ಹಸಿರಿನ ಹಿಂಬದಿ.

ಕಟ್ಟಿ ಮುಗಿದ ಮೇಲೆ ಅಪ್ಪ ಮತ್ತು ದೊಡ್ಡಪ್ಪ ಚೌಕಟ್ಟನ್ನು ಎತ್ತಿ ತಿರುಗಿಸುತ್ತಿದ್ದರು. ಆ ಕ್ಷಣ ಈಗ ನೆನೆದರೂ ಮೈ ಝುಂ ಅನ್ನುತ್ತದೆ. ಮುಂಜಾನೆಯಿಂದ ಗಂಟುಗಳನ್ನೇ ನೋಡಿದ ಕಣ್ಣಿಗೆ ಒಮ್ಮೆಲೇ ಅಷ್ಟೂ ಹೂವು ಮುಖ ತಿರುಗಿಸಿ ನಿಂತುಬಿಡುತ್ತಿದ್ದವು. ದಿನಾ ಹೂವಿನಲ್ಲೇ ಕೈಯಾಡಿಸುವ ಮನೆಯವರು ನಾವು. ಆದರೂ ಆಗ ಎಲ್ಲರೂ ಕೈಕೆಲಸ ಬಿಟ್ಟು ನೋಡುತ್ತಿದ್ದೆವು. ಮರುದಿನ ಮುಂಜಾನೆ ಅದೆಲ್ಲ ನಿರ್ಮಾಲ್ಯ. ಬಿಚ್ಚಿ, ಚೌಕಟ್ಟು ಬೇರೆ ಮಾಡಿ, ಹೂವನ್ನು ಕಾಲು ತುಳಿಯದ ಕಡೆ ಹಾಕಿ ಬರುತ್ತಿದ್ದೆವು.

ಪಿಯುಸಿ ಮುಗಿಸಿ ನಾನು ಚಿತ್ರಕಲೆಯ ಡಿಗ್ರಿ ಓದುತ್ತೇನೆ ಅಂದಾಗ ಮನೆಯಲ್ಲಿ ನಗು ಎದ್ದಿತು. ದೊಡ್ಡಪ್ಪ ನಗಲಿಲ್ಲ. ಅಡಿಕೆ ಕತ್ತರಿಸುತ್ತಿದ್ದವರು ಕೈ ನಿಲ್ಲಿಸಿ ಅಪ್ಪನ ಕಡೆ ನೋಡಿ ಹೇಳಿದರು:

"ಹೂವ ಕಟ್ಟೂ ಮನ್ಯಾಗ ಎಸ್ಸೆಸ್ಸೆಲ್ಸಿ ದಾಟಿದವ್ರ ಇಲ್ಲ. ಇಕಿ ದಾಟ್ಯಾಳ, ಆತು. ಡಿಗ್ರಿ ಅಂದ್ರ ಸಂತ್ಯಾಗ ಸಿಗೂ ಸಾಮಾನು ಅಂತ ತಿಳದಾಳೇನು? ಅದು ಆಗೂ ಮಾತಲ್ಲೋ ತಮ್ಮಾ."

ಅಪ್ಪ ಅಣ್ಣನ ಎದುರು ಮಾತಾಡುವವನಲ್ಲ. ಅಂದೂ ಆಡಲಿಲ್ಲ. ಆದರೆ ಎದ್ದು ಹೊರಗೂ ಹೋಗಲಿಲ್ಲ. ಗೋಡೆಗೆ ಒರಗಿ ಕೂತೇ ಇದ್ದ. ಅವನು ಕೂತ ರೀತಿಗೇ ಏನೋ, ದೊಡ್ಡಪ್ಪ ಕೊನೆಗೆ ನನ್ನ ಕಡೆ ತಿರುಗಿ ಷರತ್ತು ಹಾಕಿದರು. "ಹೋಗು. ಆದ್ರ ಒಂದ ಸಲ. ಎಂದ ನಾಪಾಸಾದಿ, ಅಂದ ಮುಗೀತು. ಮರುದಿನದಿಂದ ಬುಟ್ಟಿ ನಿನ್ನ ತಲಿ ಮ್ಯಾಲ."

ಬುಟ್ಟಿ ಹೊರುವುದು ನನಗೆ ಅವಮಾನ ಅನ್ನಿಸಿರಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಪ್ಪ ಹೊತ್ತ ಬುಟ್ಟಿಯ ಅನ್ನ ಉಂಡವಳು ನಾನು. ಆದರೆ ಸೋತು ಹೊರುವ ಬುಟ್ಟಿ ಬೇರೆ. ಮಾತಾಡಿ ಸುಮ್ಮನಾಗುವವರಲ್ಲ ದೊಡ್ಡಪ್ಪ. ಆ ಮಾತು ಕಾಲೇಜಿನ ಅಷ್ಟೂ ವರ್ಷ ನನ್ನ ಹಿಂದೆಯೇ ಇತ್ತು.

ಸಿಂದಗಿಯ ಆ ಕಾಲೇಜು ಒಂದು ಬಾಡಿಗೆ ಮನೆಯ ಮಹಡಿಯ ಮೇಲಿತ್ತು. ಪೆನ್ಸಿಲ್, ಇದ್ದಿಲು, ಜಲವರ್ಣ, ಆಮೇಲೆ ತೈಲವರ್ಣ. ಬಣ್ಣದ ಸರ್ ಕಲಿಸುವುದರಲ್ಲಿ ಜಿಪುಣರಲ್ಲ. ಬಿಸಿಲಿನಲ್ಲಿ ನಿಲ್ಲಿಸಿ ನೆರಳಿನೊಳಗಿನ ನೀಲಿ ತೋರಿಸಿದವರು ಅವರು. ಆದರೆ ಕೈಗೆ ಬಣ್ಣ ಮೆತ್ತದ ಕೆಲಸ ಚಿತ್ರವಲ್ಲ ಅನ್ನುವುದು ಅವರ ಗಟ್ಟಿ ನಂಬಿಕೆ.

ನಾನು ಕಂಪ್ಯೂಟರಿಗೆ ಬಿದ್ದದ್ದು ರಜೆಯಲ್ಲಿ. ಬಾಗೇವಾಡಿಯ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಫೋಟೋ ಸ್ಟುಡಿಯೋ ಇತ್ತು. ಅದರ ಮಾಲೀಕ ಮುದ್ದೇಬಿಹಾಳದಲ್ಲಿ ಕಂಪ್ಯೂಟರ್ ಕೆಲಸ ಕಲಿತು ಬಂದು, ಹೊಸ ಮಷೀನು, ಸ್ಕ್ಯಾನರ್ ಇಟ್ಟಿದ್ದರು. ಆಗಿನ್ನೂ ಎರಡು ಸಾವಿರದ ಇಸವಿ ದಾಟಿ ಬಹಳ ದಿನ ಆಗಿರಲಿಲ್ಲ. ಆ ಮಷೀನಿನಲ್ಲಿ ಅವರು ಮಾಡುತ್ತಿದ್ದ ಮುಖ್ಯ ಕೆಲಸ ಸತ್ತವರ ಕಣ್ಣು ತೆರೆಸುವುದು. ನಮ್ಮ ಕಡೆ ಬಹಳ ಹಿರಿಯರಿಗೆ ಬದುಕಿದ್ದಾಗ ಒಂದು ಫೋಟೋ ಇರುತ್ತಿರಲಿಲ್ಲ. ಸತ್ತಾಗ ಕೂರಿಸಿ ತೆಗೆದದ್ದೇ ಮೊದಲ ಫೋಟೋ. ಮನೆಯವರು ಅದನ್ನು ತಂದು, ಕಣ್ಣು ತೆರೆದಂಗ ಮಾಡ್ರಿ ಅನ್ನುತ್ತಿದ್ದರು. ಮಾಲೀಕರು ಮಗನ ಫೋಟೋದಿಂದ ಕಣ್ಣು ತೆಗೆದು ತಂದೆಗೆ ಹಚ್ಚುತ್ತಿದ್ದರು. ಅದಾದ ಮೇಲೆ ಕೊರಳಿಗೆ ಒಂದು ಮಾಲೆ. ಅದು ಸಿಡಿಯಲ್ಲಿ ಬಂದ ಮಾಲೆ, ಯಾವ ದೇಶದ ಗುಲಾಬಿಯೋ ಏನೋ. ಊರಿನಲ್ಲಿ ಸತ್ತವರಿಗೆಲ್ಲ ಅದೇ.

ನಾನು ಒಮ್ಮೆ ಪಾಸ್‌ಪೋರ್ಟ್ ಫೋಟೋಕ್ಕೆ ಹೋದಾಗ ಅದನ್ನು ನೋಡಿ ನಕ್ಕೆ. "ಅಣ್ಣಾರ, ಇಂಥಾ ಮಾಲಿ ನಮ್ಮ ಕಡಿ ಯಾರು ಹಾಕ್ತಾರ್ರಿ?" ಅಂದೆ. ಅವರು ಕುರ್ಚಿ ಬಿಟ್ಟು ಎದ್ದು, "ಹಂಗಾರ ನೀನ ಕಟ್ಟು ಬಾ ತಂಗಿ" ಅಂದರು. ಚೇಷ್ಟೆಗೆ ಅಂದದ್ದು. ನಾನು ಕೂತೆ.

ಅವರು ಮೌಸ್ ಹಿಡಿಯುವುದು ತೋರಿಸಿ, ಒಂದು ಸೇವಂತಿಗೆಯ ಫೋಟೋ ತೆರೆದು, ದೊಡ್ಡದು ಮಾಡುವುದು ಹೇಗೆ ಎಂದು ಹೇಳಿಕೊಟ್ಟರು. ನಾನು ಒತ್ತಿದೆ. ಹೂವು ದೊಡ್ಡದಾಯಿತು. ಮತ್ತೆ ಒತ್ತಿದೆ. ಒಂದು ಎಸಳು ಪರದೆಯ ತುಂಬ ಹರಡಿತು. ಇನ್ನೂ ಒತ್ತಿದೆ. ಎಸಳು ಇಲ್ಲವಾಗಿ ಬರೀ ಚೌಕಗಳಾದವು. ಹಳದಿ ಅಂದುಕೊಂಡ ಹೂವಿನೊಳಗೆ ಹಸಿರಿತ್ತು, ಕಂದು ಇತ್ತು, ಇಟ್ಟಂಗಿ ಕೆಂಪು ಇತ್ತು. ಒಂದು ಮೂಲೆಯಲ್ಲಿ ನೇರಳೆ. ಹುಟ್ಟಿದಾಗಿನಿಂದ ಸೇವಂತಿಗೆ ಮುಟ್ಟಿದವಳು ನಾನು, ಆ ನೇರಳೆಯನ್ನು ಕಂಡಿರಲಿಲ್ಲ. ಹಿಂದಕ್ಕೆ ಬಂದೆ, ಮತ್ತೆ ಹಳದಿ ಹೂವು. ಮುಂದೆ ಹೋದೆ, ಮತ್ತೆ ನೇರಳೆ. ಮಾಲೀಕರು ಚಹಾ ಕುಡಿದು ಬಂದರೂ ನಾನು ಹೋಗುವುದು ಬರುವುದು ಮಾಡುತ್ತಲೇ ಇದ್ದೆ. ಯಾವುದೋ ದೊಡ್ಡ ಮನೆಯ ಒಳಕೋಣೆಗೆ ಯಾರೋ ಬಾಗಿಲು ತೆರೆದಂತೆ ಆಗಿತ್ತು.

ಆ ರಜೆಯಿಂದ ನಾನು ಅವರ ಸ್ಟುಡಿಯೋದಲ್ಲಿ ಕೆಲಸಕ್ಕೆ ಕೂತೆ. ಸತ್ತವರಿಗೆ ನಮ್ಮೂರ ಮಾಲೆ ಕಟ್ಟಿದೆ. ಸೇವಂತಿಗೆ, ನಡುವೆ ಮರುಗ. ಕೆಲಸ ಇಲ್ಲದ ಹೊತ್ತಿನಲ್ಲಿ ಫೋಟೋದ ಹೂವಿನ ಮೇಲೆ ಮೌಸ್ ಹಿಡಿದು ಬಣ್ಣ ಬರೆಯುತ್ತಿದ್ದೆ. ಒಂದೊಂದೇ ಗೀಟು, ಒಂದೊಂದೇ ಎಸಳು. ಮೌಸಿನಲ್ಲಿ ಗೀಟು ಎಳೆಯುವುದು ಸಾಬೂನಿನ ತುಂಡು ಹಿಡಿದು ಎಳೆದಂತೆ, ಜಾರುತ್ತದೆ. ಕೈ ಪಳಗಲು ಬಹಳ ದಿನ ಹಿಡಿಯಿತು.

ಕೊನೆಯ ವರ್ಷ ಪ್ರತಿಯೊಬ್ಬರೂ ಒಂದು ವಿಷಯದ ಮೇಲೆ ಚಿತ್ರಗಳ ಸರಣಿ ಮಾಡಿ ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕಿತ್ತು. ಅದರಲ್ಲಿ ನಪಾಸಾದರೆ ವರ್ಷವೇ ನಪಾಸು. ನಾನು ಅತ್ತೆಯ ಹೂವಿನ ಪೂಜೆಗಳನ್ನು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ಮಾಡುತ್ತೇನೆ ಅಂದೆ. ಸರ್ ಬ್ರಷ್ ತೊಳೆಯುತ್ತಿದ್ದರು. "ಮಷೀನ್ ಬರದದ್ದಕ್ಕ ನಿನಗ್ಯಾಕ ಡಿಗ್ರಿ ಕೊಡಬೇಕು? ಮಷೀನಿಗೇ ಕೊಟ್ಟರಾತು" ಅಂದರು. ನಾನು ಬಿಡಲಿಲ್ಲ. ದಿನಾ ಅದನ್ನೇ ಕೇಳಿದೆ. ಕಡೆಗೆ ಅವರು, ನಿಯಮದಲ್ಲಿ ಬೇಡ ಅಂತ ಎಲ್ಲೂ ಬರೆದಿಲ್ಲ, ಆದರೆ ಪರೀಕ್ಷಕರು ಕೈಬಿಟ್ಟರೆ ನನ್ನ ಕಡೆ ನೋಡಬೇಡ ಎಂದು ಹೇಳಿ ಒಪ್ಪಿದರು.

ದೊಡ್ಡಪ್ಪನ ಷರತ್ತು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ತೈಲವರ್ಣದಲ್ಲಿ ಎತ್ತಿನ ಜೋಡಿ ಬರೆದಿದ್ದರೆ ಸುಮ್ಮನೆ ಪಾಸಾಗುತ್ತಿದ್ದೆ. ಆದರೆ ಆ ನೇರಳೆಯನ್ನು ಕಂಡ ಮೇಲೆ ಎತ್ತು ಬರೆಯಲು ಮನಸ್ಸು ಒಪ್ಪಲಿಲ್ಲ.

ಶ್ರಾವಣ ಬಂತು. ಸ್ಟುಡಿಯೋದ ಕ್ಯಾಮೆರಾ ಕೇಳಿ ತಂದು, ಅಪ್ಪ ದೊಡ್ಡಪ್ಪ ಚೌಕಟ್ಟು ತಿರುಗಿಸುವ ಹೊತ್ತಿಗೆ ಸರಿಯಾಗಿ ಎದುರು ನಿಂತೆ. ಅತ್ತೆ ಕಂಡಳು. ಎದ್ದು ಬಂದು ಕ್ಯಾಮೆರಾದ ಮೂತಿಗೆ ಅಂಗೈ ಅಡ್ಡ ಹಿಡಿದಳು.

"ದೇವ್ರಿಗಿ ಹೋಗೂ ಹೂವ ನಾವು ಮೂಸಿ ನೋಡ್ತೀವೇನು?"

"ಇಲ್ಲ."

"ಮತ್ತ ಈ ಡಬ್ಬಿಗಿ ಯಾಕ ಮೊದಲ ತೋರಸ್ತಿ? ದೇವ್ರು ನೋಡೂಕಿಂತ ಮೊದಲ ಇದು ನೋಡಿದ್ರ ಎಂಜಲಾಗಂಗಿಲ್ಲೇನು?"

ಕ್ಯಾಮೆರಾ ಮೂಸುವುದಿಲ್ಲ, ಮುಟ್ಟುವುದಿಲ್ಲ ಎಂದು ವಾದ ಮಾಡಿದೆ. ನೋಡುವುದೂ ಒಂದು ರೀತಿಯ ಉಣ್ಣುವುದೇ ಎಂದಳು. ದೊಡ್ಡಪ್ಪನೂ ಅವಳ ಮಾತಿಗೆ ತಲೆದೂಗಿದರು. ಹೂ ಕಟ್ಟುವ ಮನೆಯಲ್ಲಿ ಹುಟ್ಟಿ ಆ ಮಾತನ್ನು ಸುಳ್ಳು ಎನ್ನಲು ನನ್ನ ಬಾಯಿಗೂ ಬರಲಿಲ್ಲ. ಮಕ್ಕಳಾಗಿದ್ದಾಗ ಬುಟ್ಟಿಯ ಹೂವಿಗೆ ಮೂಗು ತಂದರೆ ಬೆನ್ನಿಗೆ ಬೀಳುತ್ತಿದ್ದ ಪೆಟ್ಟು ನೆನಪಿತ್ತು. ಗುಡಿಯೊಳಗೆ ಗದ್ದುಗೆಯ ಮುಂದೆ ಫ್ಲ್ಯಾಶ್ ಹೊಡೆಯಲು ಅಲ್ಲಿಯವರು ಬಿಡುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ಮರುದಿನ ಮುಂಜಾನೆ, ಪೂಜೆ ಬಿಚ್ಚುವ ಮುಂಚೆ, ಅದನ್ನು ಗುಡಿಯ ಅಂಗಳಕ್ಕೆ ತಂದು ಗೋಡೆಗೆ ಆನಿಸಿದಾಗ ತೆಗೆಯುವುದು. ಅದಕ್ಕೆ ಅತ್ತೆ ಬೇಡ ಎನ್ನಲಿಲ್ಲ.

ಹಾಗಾಗಿ ನನ್ನ ಫೋಟೋಗಳಲ್ಲಿ ಇದ್ದದ್ದೆಲ್ಲ ನಿನ್ನೆಯ ಹೂವು. ಬಾಗೇವಾಡಿಯದು, ಕೃಷ್ಣೆಯ ದಂಡೆಯ ತಂಗಡಗಿಯವರು ಹೇಳಿಕಳಿಸಿ ಕಟ್ಟಿಸಿದ್ದು, ಎಲ್ಲವೂ ಒಂದು ರಾತ್ರಿ ಕಳೆದವು. ಕಣಗಿಲ ಮುದುಡಿತ್ತು, ಅಬ್ಬಲಿಗೆ ಬಣ್ಣ ಬಿಟ್ಟಿತ್ತು, ಪತ್ರಿಯ ಅಂಚು ಸುರುಟಿತ್ತು. ಮೊದಲು ಅತ್ತೆಯ ಮೇಲೆ ಸಿಟ್ಟು ಬಂತು. ಆಮೇಲೆ ಸ್ಕ್ಯಾನ್ ಮಾಡಿ ಪರದೆಯ ಮೇಲೆ ನೋಡುತ್ತ ಕೂತಾಗ ಹೊಳೆಯಿತು. ಫೋಟೋ ಅಳತೆ ಕೊಡಲಿ, ಜಾಗ ಕೊಡಲಿ. ತಾಜಾತನ ಬೇಕಾದರೆ ಅದನ್ನು ನನ್ನ ನೆನಪಿನಿಂದಲೇ ತರಬೇಕು. ತಿರುಗಿಸಿ ನಿಲ್ಲಿಸಿದ ಆ ಕ್ಷಣದ ಹೂವನ್ನು ಯಾವ ಕ್ಯಾಮೆರಾವೂ ನೋಡಿಲ್ಲ, ನಾನು ನೋಡಿದ್ದೇನೆ.

ರಜೆ ಬಂದಾಗ ಸ್ಟುಡಿಯೋದಲ್ಲಿ ಬರೆಯಲು ಕೂತೆ. ಕೈ ತಾನಾಗಿಯೇ ಹಿಂದಿನಿಂದ ಶುರು ಮಾಡಿತು.

ಆ ಪ್ರೋಗ್ರಾಮಿನಲ್ಲಿ ಲೇಯರ್ ಅಂತ ಇರುತ್ತವೆ. ಗಾಜಿನ ಮೇಲೆ ಗಾಜು ಇಟ್ಟ ಹಾಗೆ; ಒಂದರ ಮೇಲೆ ಬರೆದದ್ದು ಇನ್ನೊಂದನ್ನು ಕೆಡಿಸುವುದಿಲ್ಲ. ನಾನು ಎಲ್ಲಕ್ಕಿಂತ ಕೆಳಗಿನ ಲೇಯರಿನಲ್ಲಿ ಬಿದಿರಿನ ಚೌಕಟ್ಟು ಬರೆದೆ. ಅದರ ಮೇಲಿನದರಲ್ಲಿ ಬಾಳೆದಿಂಡಿನ ಪಟ್ಟಿ. ಆಮೇಲೆ ನಾರು, ಗಂಟು. ಆಮೇಲೆ ಪತ್ರಿಯ ಹಾಸು, ಒಂದೊಂದೇ ಎಲೆ. ತೊಟ್ಟುಗಳು. ಎಲ್ಲ ಆದ ಮೇಲೆ ಹೂವು. ಯೋಚಿಸಿ ಮಾಡಿದ್ದಲ್ಲ. ಪತ್ರಿ ಹಾಸದೆ ಹೂವು ಎಲ್ಲಿ ನಿಲ್ಲುತ್ತದೆ? ನಾರು ಇಲ್ಲದಿದ್ದರೆ ಬಿದ್ದುಬಿಡುವುದಿಲ್ಲವೇ? ಹೂವು ಬರೆದ ಮೇಲೆ ಕೆಳಗಿನದ್ದೆಲ್ಲ ಮುಚ್ಚಿಹೋಗುತ್ತಿತ್ತು. ಅದು ಮುಚ್ಚಿಹೋಗಬೇಕಾದದ್ದೇ.

ಕಂಪ್ಯೂಟರ್ ತಡೆಯಲಿಲ್ಲ. ಅಷ್ಟು ಲೇಯರಿನ ಭಾರಕ್ಕೆ ಹ್ಯಾಂಗ್ ಆಗಿ ನಿಂತುಬಿಡುತ್ತಿತ್ತು. ಬಂದ್ ಮಾಡಿ ಮತ್ತೆ ಹಚ್ಚಬೇಕು, ಮಾಡಿದ್ದು ಹೋದರೆ ಮತ್ತೆ ಮಾಡಬೇಕು. ಮಾಲೀಕರು ಬಂದು ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು.

"ತಂಗಿ, ಇದೇನ ಗದ್ಲ ಮಾಡಿಟ್ಟಿ? ಮ್ಯಾಲಿನ ಹೂವ ಅಷ್ಟ ಕಾಣ್ತೈತಿ. ಕಾಣದ್ದು ಯಾಕ ಬರದಿ?"

"ಕಟ್ಟಬೇಕಲ್ರಿ ಅಣ್ಣಾರ" ಅಂದೆ.

ಅವರಿಗೆ ನಗು ತಡೆಯಲಾಗಲಿಲ್ಲ. ಪಕ್ಕದ ಝೆರಾಕ್ಸ್ ಅಂಗಡಿಯವರನ್ನೂ ಕರೆದು ತೋರಿಸಿದರು. ಕಂಪ್ಯೂಟರಿನ್ಯಾಗ ಹೂವ ಉದುರಿ ಬೀಳತಾವಂತ ನಾರು ಹಾಕಿ ಬಿಗದಾಳ ನೋಡ್ರಿ ಅಂತ ಅವರಿಬ್ಬರೂ ನಕ್ಕರು. ನನಗೂ ಆಗ ನಾಚಿಕೆಯಾಯಿತು. ಚಿತ್ರ ಬರೆಯುವವರು ಕಣ್ಣಿಗೆ ಕಂಡದ್ದನ್ನು ಬರೆಯುತ್ತಾರೆ, ನಾನು ಮಾಡಿದ್ದು ತಪ್ಪು ಅನ್ನಿಸಿತು. ಎಲ್ಲ ಲೇಯರ್ ಒಂದುಗೂಡಿಸಿ ಹಗುರ ಮಾಡಿಬಿಡು, ಒಂದೇ ಬಟನ್ ಒತ್ತಿದರೆ ಸಾಕು, ಕೆಳಗಿನದ್ದೆಲ್ಲ ಹೋಗಿ ಮೇಲಿನದ್ದು ಉಳಿಯುತ್ತದೆ ಎಂದು ಅವರು ಹೇಳಿಕೊಟ್ಟರು. ನಾಳೆ ಮಾಡುತ್ತೇನೆ ಅಂದೆ.

ಮರುದಿನ ಅತ್ತೆ ಬಂದಳು. ಬಜಾರಿಗೆ ನಾರು ತರಲು ಬಂದವಳು, ನಾನು ದಿನಾ ಎಲ್ಲಿ ಕೂತಿರುತ್ತೇನೆ ಎಂದು ನೋಡಲು ಸ್ಟುಡಿಯೋ ಹೊಕ್ಕಳು. ಪರದೆಯ ಮೇಲೆ ತಂಗಡಗಿಯ ಪೂಜೆ ತೆರೆದಿತ್ತು. ಅವಳು ಅದರ ಮುಂದೆ ನಿಲ್ಲಲೇ ಇಲ್ಲ. ಸೀದಾ ಟೇಬಲ್ ಸುತ್ತಿ ಮಾನಿಟರಿನ ಹಿಂದೆ ಹೋಗಿ ಬಗ್ಗಿ ನೋಡಿದಳು. ಅಲ್ಲಿ ವೈರು, ಧೂಳು.

ಮಾಲೀಕರು ಬಿದ್ದು ಬಿದ್ದು ನಕ್ಕರು. "ಯವ್ವಾ, ಮುಂದ ಬರ್ರಿ, ಹಿಂದ ಏನೂ ಇಲ್ಲ" ಅಂದರು.

"ಹಿಂದ ಏನೂ ಇಲ್ಲದ ಮುಂದ ಹೆಂಗ ನಿಂತೈತಿ?" ಎಂದಳು ಅತ್ತೆ. ಅವಳು ನಗಿಸಲು ಹೇಳಿದ್ದಲ್ಲ. ನಿಜವಾಗಿ ಕೇಳಿದ್ದು.

ನಾನು ಅವಳನ್ನು ಕೈ ಹಿಡಿದು ತಂದು ಸ್ಟೂಲಿನ ಮೇಲೆ ಕೂರಿಸಿದೆ. ಹೂವಿನ ಲೇಯರ್ ಮುಚ್ಚಿದೆ. ಹೂವು ಹೋಗಿ ತೊಟ್ಟು ಕಂಡವು. ಅದನ್ನೂ ಮುಚ್ಚಿದೆ. ಪತ್ರಿಯ ಹಾಸು. ಅದನ್ನೂ ಮುಚ್ಚಿದಾಗ ನಾರು ಮತ್ತು ಗಂಟು ಕಂಡವು, ಅವಳು ಹಾಕಿದ್ದ ಹಾಗೆಯೇ, ಓರೆ ಸುತ್ತಿನವು. ಅತ್ತೆಯ ಬಾಯಿ ಸ್ವಲ್ಪ ತೆರೆದಿತ್ತು. ಮುಖ ಪರದೆಗೆ ತಾಗುವಷ್ಟು ಹತ್ತಿರ ತಂದು, ಒಂದು ಮೂಲೆಯಲ್ಲಿ ಬೆರಳಿಟ್ಟಳು.

"ಇಲ್ಲಿ ಗಂಟು ಸಡಲ ಆಗೈತಿ" ಅಂದಳು.

ತಿದ್ದಿದೆ. ಅವಳ ಎದುರೇ ತಿದ್ದಿದೆ. ಮಾಲೀಕರು ಈಗ ನಗುತ್ತಿರಲಿಲ್ಲ. ಅತ್ತೆಗೆ ನಾನು, ಮಷೀನಿಗೆ ಭಾರ ಆಗುತ್ತಿದೆ, ಇದನ್ನೆಲ್ಲ ತೆಗೆದುಹಾಕಬೇಕಾಗಿದೆ ಎಂದು ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದಳು. "ಭಾರ ಆದ್ರ ಆಗವಲ್ದ್ಯಾಕ. ಅಳಸಬ್ಯಾಡ" ಅಂದು ನಾರಿನ ಕಟ್ಟು ಬಗಲಲ್ಲಿ ಹಿಡಿದು ಹೋದಳು. ಹೇಳಿದ ರೀತಿ ಹೇಗಿತ್ತೆಂದರೆ, ಮಾಲೀಕರೇ ನನಗೆ ಇನ್ನೊಂದು ಸಿಡಿ ಕೊಟ್ಟು, ಪ್ರಿಂಟಿಗೆ ಹಗುರ ಮಾಡಿದ್ದು ಒಂದರಲ್ಲಿ ಹಾಕು, ಇದು ಇದರಲ್ಲಿ ಇರಲಿ ಅಂದರು.

ಪ್ರಿಂಟುಗಳನ್ನು ಹುಬ್ಬಳ್ಳಿಯಿಂದ ಮಾಡಿಸಿ ತಂದೆವು. ಪರೀಕ್ಷೆಯ ದಿನ ಸಿಂದಗಿಯ ಆ ಮಹಡಿಯ ಗೋಡೆಗೆ ನನ್ನ ಚಿತ್ರಗಳನ್ನು ಹಚ್ಚಿದೆ. ಪಕ್ಕದಲ್ಲಿ ನಿಯಮದಂತೆ ಮೂಲ ಫೋಟೋಗಳನ್ನೂ ಇಟ್ಟೆ. ಪರೀಕ್ಷಕರು ಬೆಂಗಳೂರಿನ ಕಡೆಯವರು, ವಯಸ್ಸಾದವರು, ಕನ್ನಡಕ ತೆಗೆದು ಹಾಕಿ ನೋಡುವ ಅಭ್ಯಾಸ. ಚಿತ್ರ ನೋಡಿದರು. ಫೋಟೋ ನೋಡಿದರು. ಮತ್ತೆ ಚಿತ್ರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇದು ಆ ಫೋಟೋ ಅಲ್ಲ. ಫೋಟೋದಲ್ಲಿ ಹೂವು ಬಾಡಿದೆ, ಚಿತ್ರದಲ್ಲಿ ಈಗ ತಾನೇ ಕಟ್ಟಿದ ಹಾಗಿದೆ. ತಾಜಾ ಹೂವಿನ ಫೋಟೋ ಇನ್ನೊಂದಿದೆ ನಿಮ್ಮ ಹತ್ತಿರ. ಅದನ್ನು ಕಂಪ್ಯೂಟರಿಗೆ ಹಾಕಿ, ಬಣ್ಣದ ಚಿತ್ರದ ಹಾಗೆ ಕಾಣುವಂತೆ ಮಾಡಿಸಿದ್ದೀರಿ. ಅದಕ್ಕೆ ಒಂದು ಬಟನ್ ಸಾಕು, ನನಗೆ ಗೊತ್ತು."

ಅಂಥ ಫೋಟೋ ಇಲ್ಲ ಎಂದೆ. ಯಾಕಿಲ್ಲ ಎಂದರು. ದೇವರಿಗಿಂತ ಮೊದಲು ಕ್ಯಾಮೆರಾ ನೋಡಬಾರದು ಎಂದು ನಮ್ಮ ಅತ್ತೆ ಹೇಳಿದ್ದನ್ನು ಹೇಳಿದೆ. ಹಿಂದೆ ನಿಂತ ಹುಡುಗರು ಕಿಸಕ್ಕೆಂದರು. ಪರೀಕ್ಷಕರು ನಗಲಿಲ್ಲ, ಪೂರ್ತಿ ಕೇಳಿಸಿಕೊಂಡರು. ಆದರೆ, "ನಂಬಿಕೆ ಸರಿ ಅಮ್ಮಾ. ನೀವೇ ಬರೆದದ್ದು ಎನ್ನುವುದಕ್ಕೆ ನನಗೆ ಏನಾದರೂ ಬೇಕಲ್ಲ" ಎಂದರು. ಅವರು ಕೇಳಿದ್ದು ತಪ್ಪಲ್ಲ. ಬಣ್ಣದ ಸರ್ ಕಿಟಕಿಯ ಹತ್ತಿರ ಹೊರಗೆ ನೋಡುತ್ತ ನಿಂತಿದ್ದರು. ಹೀಗೇ ಆಗುತ್ತದೆ ಎಂದು ಅವರು ಮೊದಲೇ ಹೇಳಿದ್ದರು. ಬುಟ್ಟಿ ತಲೆಯ ಮೇಲೆ ಬಂದು ಕೂತ ಹಾಗಾಯಿತು.

ಚೀಲದಲ್ಲಿ ಆ ಇನ್ನೊಂದು ಸಿಡಿ ಇತ್ತು. ತೋರಿಸಲು ತಂದದ್ದಲ್ಲ, ಎಲ್ಲೂ ಇಡಲು ಧೈರ್ಯವಿಲ್ಲದೆ ಜೊತೆಗಿಟ್ಟುಕೊಂಡದ್ದು. ಸಿಡಿ ಹಾಕಿ ತೋರಿಸಬಹುದೇ ಎಂದು ಕೇಳಿದೆ. ಕಾಲೇಜಿನಲ್ಲಿ ಇದ್ದದ್ದು ಆಫೀಸಿನ ಒಂದೇ ಕಂಪ್ಯೂಟರ್. ಗುರುತಿನ ಚೀಟಿಯ ಫೋಟೋಗಳಿಗೆಂದು ಅದರಲ್ಲೂ ಆ ಪ್ರೋಗ್ರಾಮ್ ಹಾಕಿಸಿದ್ದರು. ಕ್ಲಾರ್ಕ್ ಗೊಣಗುತ್ತ ಎದ್ದು ಕುರ್ಚಿ ಬಿಟ್ಟರು. ಫೈಲ್ ತೆರೆಯಲು ಹಚ್ಚಿದೆ. ಪರದೆಯ ಮೇಲೆ ಸಣ್ಣ ಪಟ್ಟಿಯೊಂದು ಇರುವೆ ಹರಿದಂತೆ ಸಾಗಿತು. ನಡುವೆ ನಿಂತಿತು. ಪರೀಕ್ಷಕರು ಗಡಿಯಾರ ನೋಡಿದರು. ಹ್ಯಾಂಗ್ ಆತು ಕಾಣತೈತಿ ಎಂದು ಕ್ಲಾರ್ಕ್ ಕೈ ಚಾಚಿದರು. ಮುಟ್ಟಬ್ಯಾಡ್ರಿ ಎಂದೆ, ಅಷ್ಟು ಜೋರಾಗಿ ನಾನು ಆ ಕಾಲೇಜಿನಲ್ಲಿ ಎಂದೂ ಮಾತಾಡಿರಲಿಲ್ಲ. ಪಟ್ಟಿ ಮತ್ತೆ ಹರಿಯಿತು. ತಂಗಡಗಿಯ ಪೂಜೆ ತೆರೆದುಕೊಂಡಿತು.

ನಾನು ಹೂವಿನ ಲೇಯರ್ ಮುಚ್ಚಿದೆ.

ಪರೀಕ್ಷಕರು ಕನ್ನಡಕ ಹಾಕಿಕೊಂಡರು. ತೊಟ್ಟು, ಪತ್ರಿ, ನಾರು. ಗೋಡೆಯ ಫೋಟೋದಲ್ಲಿ ಪತ್ರಿಯ ಅಂಚು ಬಿಟ್ಟರೆ ಇವು ಯಾವುವೂ ಇರಲಿಲ್ಲ. ಯಾವ ಫೋಟೋದಲ್ಲೂ ಇರಲು ಸಾಧ್ಯವಿರಲಿಲ್ಲ. ಹೂವಿನ ಕೆಳಗೆ ಮುಚ್ಚಿಹೋದದ್ದನ್ನು ಕ್ಯಾಮೆರಾ ಎಲ್ಲಿ ಕಾಣುತ್ತದೆ? ಬಿದಿರಿನ ಚೌಕಟ್ಟಿಗೆ ಬಂದು ನಿಂತೆ. ಅವರು ಕ್ಲಾರ್ಕಿನ ಕುರ್ಚಿ ಎಳೆದುಕೊಂಡು ಕೂತರು.

"ಈಗ ಕಟ್ಟಿ ತೋರಿಸಿ" ಎಂದರು.

ಚೌಕಟ್ಟಿನ ಮೇಲೆ ಪಟ್ಟಿ ತೆರೆದೆ. ನಾರು ತೆರೆದೆ. ಇದೇನು ಎಂದು ಕೇಳಿದರು, ಬಾಳೆನಾರು, ಒಣಗಿದ್ದನ್ನು ನೆನೆಸಿ ಎಳೆ ಬಿಡಿಸುತ್ತಾರೆ ಎಂದೆ. ಪತ್ರಿ ಯಾಕೆ ಬೋರಲಾಗಿದೆ ಎಂದು ಕೇಳಿದರು, ನಾನು ಕೂತು ನೋಡಿದ್ದು ಹಿಂದಿನಿಂದ, ಕೈಗೆ ಹಾಗೇ ಬಂತು ಎಂದೆ. ಒಂದೊಂದಾಗಿ ಮೇಲಕ್ಕೆ ಬಂದು, ಕೊನೆಗೆ ಹೂವು ತೆರೆದೆ. ಅಂಗಳದಲ್ಲಿ ಅಪ್ಪ ದೊಡ್ಡಪ್ಪ ಚೌಕಟ್ಟು ತಿರುಗಿಸಿ ನಿಲ್ಲಿಸಿದಾಗ 'ಹಾ' ಎಂದು ಒಳಗೇ ಉಸಿರು ನಿಲ್ಲುತ್ತಿತ್ತಲ್ಲ, ಅದೇ ಉಸಿರು ಆ ಆಫೀಸ್ ಕೋಣೆಯಲ್ಲಿ ನಿಂತಿತು. ನನ್ನದಷ್ಟೇ ಅಲ್ಲ. ಕಿಸಕ್ಕೆಂದ ಹುಡುಗರೂ ಬಾಗಿಲಿನಿಂದ ಕತ್ತು ಚಾಚಿದ್ದರು. ನಾನೇ ಬರೆದದ್ದು, ಪ್ರತಿ ಎಸಳೂ ನನಗೆ ಗೊತ್ತು. ಆದರೂ ಅದು ನನ್ನ ಕೈಯಿಂದ ಆದದ್ದು ಎಂದು ಆ ಕ್ಷಣ ನನಗೇ ನಂಬಲು ಆಗಲಿಲ್ಲ.

ಬಣ್ಣದ ಸರ್ ಯಾವಾಗ ಕಿಟಕಿ ಬಿಟ್ಟು ನನ್ನ ಹಿಂದೆ ಬಂದು ನಿಂತಿದ್ದರೋ ತಿಳಿಯದು. ಮೆಲ್ಲಗೆ, "ಇದನ್ನ ನನಗ ಯಾಕ ತೋರಸಲಿಲ್ಲವಾ?" ಎಂದು ಕೇಳಿದರು.

"ತಪ್ಪು ಮಾಡೇನಿ ಅಂತ ತಿಳಕೊಂಡಿದ್ದೆರಿ ಸರ" ಎಂದೆ.

ಪರೀಕ್ಷಕರು ಎದ್ದರು. ಹೊಗಳಿಕೆ ಏನೂ ಹೇಳಲಿಲ್ಲ. ಸಾಕು, ಹೋಗಿ ಊಟ ಮಾಡಿ ಎಂದರು. ಬಾಗಿಲ ಹತ್ತಿರ ಹೋದವರು ತಿರುಗಿ ಬಂದು ಇನ್ನೊಮ್ಮೆ ಪರದೆ ನೋಡಿ ಹೋದರು.

ನಾನು ಪಾಸಾದೆ. ಮೊದಲ ದರ್ಜೆ ಅಲ್ಲ, ಎರಡನೇ ದರ್ಜೆ. ತೈಲವರ್ಣದಲ್ಲಿ ಅಂಕ ಕಡಿಮೆ ಬಿದ್ದಿತ್ತು. ಅದನ್ನು ಮುಚ್ಚಿಡುವಂಥದ್ದೇನಿಲ್ಲ. ಸರ್ಟಿಫಿಕೇಟ್ ಬರಲು ಬಹಳ ತಿಂಗಳು ಹಿಡಿಯಿತು. ಬಂದಿದೆ ಎಂದು ತಿಳಿದ ದಿನ ಅಪ್ಪನೂ ನಾನೂ ಸಿಂದಗಿಗೆ ಬಸ್ಸಿನಲ್ಲಿ ಹೋದೆವು. ಸಭೆ ಇಲ್ಲ, ಶಾಲು ಇಲ್ಲ. ಅದೇ ಕ್ಲಾರ್ಕ್ ರಜಿಸ್ಟರಿನಲ್ಲಿ ಸಹಿ ಮಾಡಿಸಿಕೊಂಡು, ಕವರಿನಿಂದ ತೆಗೆದು ಕೈಗೆ ಕೊಟ್ಟರು. ಅಪ್ಪ ಅದನ್ನು ಮುಟ್ಟಲಿಲ್ಲ. ಬಸ್ಸಿನಲ್ಲಿ ಉದ್ದಕ್ಕೂ ಅದರ ಕಡೆಯೇ ನೋಡುತ್ತ ಬಂದ, ಯಾರಾದರೂ ಒತ್ತಿಕೊಂಡು ಬಂದರೆ ಕೈ ಅಡ್ಡ ಹಿಡಿಯುತ್ತಿದ್ದ.

ಮನೆಯಲ್ಲಿ ದೊಡ್ಡಪ್ಪ ಕನ್ನಡಕ ತರಿಸಿ, ಸರ್ಟಿಫಿಕೇಟನ್ನು ಬೆಳಕಿಗೆ ಹಿಡಿದು, ಮುದ್ರೆ ನೋಡಿದರು, ಸಹಿ ನೋಡಿದರು, ಹಿಂದೆ ತಿರುಗಿಸಿಯೂ ನೋಡಿದರು. ನನ್ನ ಕೈಗೆ ವಾಪಸು ಕೊಟ್ಟು, ಲಗ್ನದ ಮನೆಯೊಂದಕ್ಕೆ ದಂಡೆ ತಲುಪಿಸಲು ಚಪ್ಪಲಿ ಮೆಟ್ಟಿ ಹೊರಟರು. ಓಣಿಯ ತುದಿಯಲ್ಲಿ ಅವರು ಯಾರಿಗೋ ನಿಂತು ಕೈ ಮಾಡಿ ಮಾಡಿ ಹೇಳುತ್ತಿದ್ದದ್ದು ಕಾಣುತ್ತಿತ್ತು. ಏನು ಹೇಳಿದರೋ ಕೇಳಿಸಲಿಲ್ಲ. ಸಂಜೆ ಹೊತ್ತಿಗೆ ಓಣಿಯವರೆಲ್ಲ ನೋಡಲು ಬಂದರು.

ಅತ್ತೆ ಒಳಗೆ ಮಾಲೆ ಕಟ್ಟುತ್ತಿದ್ದಳು. ಸುತ್ತ ನೀರು ಚಿಮುಕಿಸಿದ ಸೇವಂತಿಗೆ, ಮೊಣಕಾಲ ಮೇಲೆ ಒದ್ದೆ ಬಟ್ಟೆ. ನಾನು ಅವಳ ಮುಂದೆ ಕೂತು ಸರ್ಟಿಫಿಕೇಟ್ ಚಾಚಿದೆ. ಅವಳು ಕೈ ಚಾಚಲು ಹೋಗಿ, ಬೆರಳು ನೋಡಿಕೊಂಡು, ಹಿಂದಕ್ಕೆ ಎಳೆದುಕೊಂಡಳು.

"ಕೈ ಒದ್ದಿ ಅದಾವು. ನೀನ ಹಿಡಕೋ" ಎಂದಳು. "ಇನ್ನ ಈಟು ಮ್ಯಾಲ. ಹಾಂ, ಹಂಗ. ಅವಸರ ಮಾಡಬ್ಯಾಡವಾ, ನಾ ಸಾವಕಾಶ ನೋಡ್ತೇನಿ."